ಪಾಳಣಾಘರದ ಜಾಳಿ ಬಾಗಿಲು

ಹತ್ತನೆಯ ಪರೀಕ್ಷೆ ಬರೆದು ಮನೆಯಲ್ಲಿ ಕೂತಿದ್ದ ಬೇಸಿಗೆಯಲ್ಲಿ ನನಗೊಂದು ಕೆಲಸ ಸಿಕ್ಕಿತು. ಡೊಂಬಿವಲಿ ಪೂರ್ವದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಒಂದು ಪಾಳಣಾಘರ ಇತ್ತು. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಠಾಣೆಗೋ ಮುಂಬಯಿಗೋ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅಲ್ಲಿ ಬಿಟ್ಟು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಅದನ್ನು ನಡೆಸುತ್ತಿದ್ದವರು ಉಡುಪಿ ಕಡೆಯ ಒಬ್ಬ ವಯಸ್ಸಾದ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಕಟ್ಟಡದವರೊಡನೆ ಮರಾಠಿ, ನನ್ನೊಡನೆ ಕನ್ನಡ, ಒಬ್ಬರೇ ಇದ್ದಾಗ ತಮ್ಮಷ್ಟಕ್ಕೇ ತುಳು. ಎಲ್ಲರೂ ಅವರನ್ನು ಮಾವಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ನಾನೂ ಹಾಗೇ ಕರೆದೆ.

ನಾವು ವಿಜಾಪುರ ಕಡೆಯವರು. ಅಪ್ಪ ಕಟ್ಟಡಗಳಿಗೆ ಸೆಂಟ್ರಿಂಗ್ ಕಟ್ಟುವ ಕೆಲಸ ಮಾಡುತ್ತಿದ್ದ. ಲೋಕಲಿನಲ್ಲಿ ಸ್ವಲ್ಪ ದೂರದ ದಿವಾದಲ್ಲಿ ಹಳಿ ದಾಟಿದರೆ ಸಿಗುವ ಚಾಳಿನಲ್ಲಿ ನಮ್ಮದೊಂದು ಖೋಲಿ, ಒಂದೇ ಕೋಣೆ. ಅವ್ವ ಮಾವಶಿಯ ಕಟ್ಟಡದ ಮೇಲಿನ ಮನೆಗಳಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದಳು. ಮಾವಶಿಗೆ ಮಂಡಿನೋವು ಹೆಚ್ಚಾಗಿ, ಮಕ್ಕಳ ಹಿಂದೆ ಓಡಲು ಯಾರಾದರೂ ಬೇಕು ಎಂದಾಗ ಅವ್ವ ನನ್ನನ್ನು ಕರೆತಂದಳು.

ನನಗೆ ಮೊದಲ ದಿನದಿಂದಲೇ ಹೆದರಿಕೆ. ಮನೆಯಲ್ಲಿ ತಮ್ಮನನ್ನು ಎತ್ತಿ ಬೆಳೆಸಿದವಳೇ ನಾನು. ಮಗು ಎತ್ತಿಕೊಳ್ಳುವುದು ಹೊಸದಲ್ಲ. ಆದರೆ ಇವು ಬೇರೆಯವರ ಮಕ್ಕಳು. ಒಂದು ಮಗು ಕಿಟಕಿಯ ಸರಳು ಹಿಡಿದು ನಿಂತರೆ ಹಿಂದೆಯೇ ಹೋಗಿ ಕೈ ಒಡ್ಡಿ ನಿಲ್ಲುತ್ತಿದ್ದೆ. ಇನ್ನೊಂದು ಬಾಯಲ್ಲಿ ಏನನ್ನೋ ಆಡಿಸುತ್ತಿದ್ದರೆ ಓಡಿ ಹೋಗಿ ಬೆರಳು ಹಾಕಿ ನೋಡುತ್ತಿದ್ದೆ. ಮಧ್ಯಾಹ್ನ ಎಲ್ಲವೂ ಸಾಲಾಗಿ ಚಾಪೆಯ ಮೇಲೆ ಮಲಗಿದ ಮೇಲೆ ಮನೆ ಗಪ್ಪಾಗುತ್ತಿತ್ತಲ್ಲ, ಆಗಂತೂ ಇನ್ನೂ ಹೆಚ್ಚು. ಒಂದೊಂದರ ಮೂಗಿನ ಹತ್ತಿರವೂ ಬೆರಳು ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡುತ್ತಾ ಹೋಗುತ್ತಿದ್ದೆ. ಒಂದು ದಿನ ಮಾವಶಿ ಅದನ್ನು ಕಂಡರು. ನಗುತ್ತಾರೆ ಎಂದುಕೊಂಡೆ. ನಗಲಿಲ್ಲ.

"ನಾನೂ ನೋಡ್ತೇನೆ" ಎಂದರು. "ಇಷ್ಟು ವರ್ಷ ಆಯ್ತು, ಇನ್ನೂ ನೋಡ್ತೇನೆ. ಕೊನೆಯ ಮಗು ಹೋಗುವವರೆಗೆ ನನಗೆ ಗಂಟಲಲ್ಲಿ ಅನ್ನ ಇಳಿಯುದಿಲ್ಲ ಮಾರಾಯ್ತಿ."

ಅದು ನಿಜವಾಗಿತ್ತು. ಅವರು ಸರಿಯಾಗಿ ಊಟ ಮಾಡುತ್ತಿದ್ದುದು ಸಂಜೆ ಎಲ್ಲ ಮಕ್ಕಳೂ ಹೋದ ಮೇಲೆ, ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ನನಗೂ ಒಂದು ತಟ್ಟೆ ಹಾಕಿ. ದೊಡ್ಡ ಮನುಷ್ಯರ ಠೀವಿ ಅವರಲ್ಲಿ ಯಾವುದೂ ಇರಲಿಲ್ಲ. ಜಿನೆಯ ಮೆಟ್ಟಿಲುಗಳನ್ನು ತಾವೇ ಗುಡಿಸುತ್ತಿದ್ದರು. ಕಸ ಒಯ್ಯುವ ಹೆಂಗಸು ಬಾಗಿಲಿಗೆ ಬಂದರೂ ಕೂತಲ್ಲಿಂದ ಎದ್ದು ನಿಂತು ಮಾತಾಡುತ್ತಿದ್ದರು. ಆದರೂ ಆ ಓಣಿಯಲ್ಲಿ ಅವರಿಗಿದ್ದ ಮರ್ಯಾದೆ ನಾನು ಬೇರೆ ಯಾರಿಗೂ ಕಂಡದ್ದಿಲ್ಲ. ಅವರು ಜಿನೆ ಇಳಿಯುತ್ತಿದ್ದರೆ ಕೆಳಗೆ ಬೀಡಿ ಸೇದುತ್ತಿದ್ದವರು ಬೀಡಿ ಆರಿಸುತ್ತಿದ್ದರು. ಬ್ಯಾಂಕಿನಲ್ಲಿ ಸಾಹೇಬನಾಗಿದ್ದವನೊಬ್ಬ ಮಗನನ್ನು ಬಿಡಲು ಬಂದಾಗ ಬೂಟು ಜಿನೆಯ ಮೇಲೆಯೇ ಬಿಚ್ಚಿ ಬರುತ್ತಿದ್ದ.

ಅವರಿಗೊಂದು ಕಟ್ಟುನಿಟ್ಟು ಇತ್ತು. ಮಗುವನ್ನು ಬೆಳಿಗ್ಗೆ ಯಾರು ಬಿಡುತ್ತಾರೋ ಸಂಜೆ ಅವರ ಕೈಗೇ ಕೊಡುವುದು. ಬೇರೆಯವರು ಬರುವುದಾದರೆ ಬಿಟ್ಟವರು ಬೆಳಿಗ್ಗೆಯೇ ಹೇಳಿರಬೇಕು. ಒಮ್ಮೆ ಕಲ್ಯಾಣದಿಂದ ಒಂದು ಮಗುವಿನ ಅಜ್ಜ ಮೊಮ್ಮಗನನ್ನು ಸರ್ಕಸ್ ತೋರಿಸಲು ಒಯ್ಯುತ್ತೇನೆ ಎಂದು ಬಂದರು. ಮಗು ಅಜ್ಜನ ಕೊರಳಿಗೆ ಜೋತುಬಿದ್ದಿತು. ಮಾವಶಿ ಅಜ್ಜನಿಗೆ ಕುರ್ಚಿ ಹಾಕಿದರು, ಚಹಾ ಕೊಟ್ಟರು, ಫ್ಯಾನು ಹಚ್ಚಿದರು, ಮಗುವನ್ನು ಕೊಡಲಿಲ್ಲ. ಸೊಸೆ ಕೆಲಸದಿಂದ ಬರುವವರೆಗೆ ಅಜ್ಜ ಮುಖ ಊದಿಸಿಕೊಂಡು ಅಲ್ಲೇ ಕೂತಿದ್ದರು.

ಮಕ್ಕಳಲ್ಲಿ ಒಂದು ಹೆಣ್ಣುಮಗು ಇತ್ತು. ಮೂರು ದಾಟಿ ನಾಲ್ಕು ತುಂಬದ ವಯಸ್ಸು, ಗುಂಗುರು ಕೂದಲು, ಯಾವಾಗಲೂ ಎಡಗೈ ಹೆಬ್ಬೆರಳು ಬಾಯಲ್ಲಿ. ಅದರ ತಾಯಿ ಮರಾಠಿಯವಳು, ಠಾಣೆಯ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್. ಯಾರೊಡನೆಯೂ ಹೆಚ್ಚು ಮಾತಿಲ್ಲ. ಮಳೆ ಶುರುವಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವಳು ಮಾವಶಿಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮೆಲ್ಲಗೆ ಮಾತಾಡಿದಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಅವಳು ಹೋದ ಮೇಲೆ ಮಾವಶಿ ನನಗೆ ಹೇಳಿದ್ದು ಇಷ್ಟೇ: "ಆ ಮಗುವನ್ನ ಕೆಳಗೆ ಆಡ್ಲಿಕ್ಕೆ ಕರ್ಕೊಂಡು ಹೋಗುದು ಬೇಡ. ಜಾಳಿ ಬಾಗಿಲಿಗೆ ಯಾವಾಗಲೂ ಬೀಗ ಇರ್ಲಿ."

ಯಾಕೆ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದುದರಿಂದ ಹೆದರಿಕೆ ಇನ್ನೂ ದೊಡ್ಡದಾಯಿತು. ಜಿನೆಯ ಮೇಲೆ ಯಾರದೇ ಹೆಜ್ಜೆ ಕೇಳಿದರೂ ಆ ಮಗು ಎಲ್ಲಿದೆ ಎಂದು ಮೊದಲು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಒಬ್ಬ ಹುಡುಗನಿಗೆ ಜ್ವರ ಏರಿತು. ಮೈ ಕೆಂಡದಂತೆ ಸುಡುತ್ತಿತ್ತು. ಮಾವಶಿ ಅವನನ್ನು ಹೆಗಲ ಮೇಲೆ ಹಾಕಿಕೊಂಡು, ಕೊಡೆ ಹಿಡಿದು, ಓಣಿ ಮೂಲೆಯ ನಾಕಾದ ಡಾಕ್ಟರ ಹತ್ತಿರ ಹೊರಟರು. ಬೀಗದ ಕೈಯನ್ನು ನನಗೆ ಕೊಟ್ಟರು. ನಾನದನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡೆ. ಮಕ್ಕಳೆಲ್ಲ ಮಲಗಿದ್ದವು. ಹೊರಗೆ ಮಳೆ ಜೋರಾಗಿ ಹೊಡೆಯುತ್ತಿತ್ತು.

ಬೆಲ್ ಆಯಿತು. ಒಳಗಿನ ಮರದ ಬಾಗಿಲು ಗಾಳಿಗಾಗಿ ತೆರೆದೇ ಇತ್ತು, ಕಬ್ಬಿಣದ ಜಾಳಿ ಬಾಗಿಲಿಗೆ ಮಾತ್ರ ಬೀಗ ಬಿದ್ದಿತ್ತು. ಆಚೆ ಒಬ್ಬ ಗಂಡಸು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೆನೆದ ಪ್ಯಾಂಟು, ಕೈಯಲ್ಲಿ ಬಿಸ್ಕಿಟಿನ ಪುಡಿಕೆ. "ಮಾವಶೀ ಆಹೇತ್ ಕಾ?" ಎಂದು ಮರಾಠಿಯಲ್ಲಿ ಕೇಳಿದ. ಇಲ್ಲ, ಹೊರಗೆ ಹೋಗಿದ್ದಾರೆ ಎಂದೆ. ಅಷ್ಟರಲ್ಲಿ ಒಂದು ಮಗು ಮಗ್ಗುಲಾಯಿತು. ನಾನು ತಿರುಗಿ "ಸುಮ್ಮ ಮಲ್ಕೋ ಬಂಗಾರಾ" ಎಂದು ಅದರ ಬೆನ್ನು ತಟ್ಟಿದೆ. ಆತನ ಮುಖ ಅರಳಿತು.

"ನಮ್ಮ ಕಡೀಯಾಕಿನ ಅನಸ್ತೈತಿ! ಯಾವೂರವಾ ನಿಮ್ದು?"

"ವಿಜಾಪುರ ಕಡೀರಿ."

"ಹೌದಾ? ನಮ್ದೂ ಅದ ಕಡೀನ ನೋಡು. ನಾನು ಕಳಂಬೋಲಿ ಕಬ್ಬಿಣದ ಬಜಾರದಾಗ ಗೋಡೌನ್ ನೋಡ್ಕೋತೀನಿ. ನೀವು ಇಲ್ಲೆ ಎಲ್ಲಿ ಇರ್ತೀರಿ?"

"ದಿವಾದಾಗ್ರಿ."

ಆ ಊರಲ್ಲಿ ಹೊರಗೆ ಕಾಲಿಟ್ಟರೆ ಕಿವಿಗೆ ಬೀಳುತ್ತಿದ್ದುದು ಹಿಂದಿ, ಮರಾಠಿ. ನಮ್ಮ ಮನೆಯ ಮಾತು ಹೊರಗಿನ ಒಬ್ಬನ ಬಾಯಲ್ಲಿ ಕೇಳಿದಾಗ ನನಗೆ ನಿಜವಾಗಿಯೂ ಹಿತವಾಯಿತು. ಒಂದು ಗಳಿಗೆ ಹೆದರಿಕೆ ಮರೆತೇಹೋಗಿತ್ತು.

"ನಮ್ಮ ಹುಡಿಗೀನ ಕರಕೊಂಡು ಹೋಗಾಕ ಬಂದೀನವಾ" ಎಂದು ಆತ ಆ ಗುಂಗುರು ಕೂದಲಿನ ಮಗುವಿನ ಹೆಸರು ಹೇಳಿದ. "ಆಕಿ ಅವ್ವ ಠಾಣೆ ಸ್ಟೇಷನ್ನಾಗ ಜಾರಿ ಬಿದ್ದು ಕಾಲ ಮುರಕೊಂಡಾಳ. ದವಾಖಾನಿಗೆ ಹಾಕೀವಿ. ಮಗಳನ್ನ ನೋಡಬೇಕಂತ ಅಳಾಕ ಹತ್ಯಾಳ."

ನಿಜವಿದ್ದರೆ? ಮಳೆಗಾಲದಲ್ಲಿ ಠಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜನ ಬೀಳುವುದನ್ನು ನಾನೇ ಕಂಡಿದ್ದೆ. ಮಾವಶಿಯ ಮನೆಯಲ್ಲಿ ಫೋನ್ ಇರಲಿಲ್ಲ.

"ಮಾವಶಿ ಬರ್ಲಿ, ತಡೀರಿ" ಎಂದೆ.

"ಅವರು ಬರೂತನಕ ಆಕಿ ಅಲ್ಲಿ ಅಳಕೋಂತ ಇರಬೇಕೇನು? ನಿಮ್ಮವ್ವಗ ಹಿಂಗಾಗಿದ್ರ ನೀ ತಡೀತಿದ್ದೇನು?"

ನಾನು ಉತ್ತರ ಕೊಡುವ ಮೊದಲೇ ಚಾಪೆಯ ಮೇಲಿಂದ "ಪಪ್ಪಾ!" ಎಂಬ ಕೂಗು ಬಂತು. ಆ ಮಗು ಎದ್ದು, ಮಲಗಿದ್ದವರನ್ನು ತುಳಿದುಕೊಂಡೇ ಓಡಿ ಬಂದು, ಜಾಳಿಯ ಸಂದಿನಿಂದ ಕೈ ಹೊರಗೆ ಚಾಚಿತು. ಅದರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆತ ಮಂಡಿಯೂರಿ ಕೂತು ಆ ಪುಟ್ಟ ಕೈಗೆ ಮುತ್ತು ಕೊಟ್ಟ, ಕಣ್ಣಿಗೊತ್ತಿಕೊಂಡ. ಆಮೇಲೆ ಅದರ ಮಣಿಕಟ್ಟನ್ನು ಹಿಡಿದುಕೊಂಡ. ಬಿಡಲಿಲ್ಲ.

"ಈಗ ಕೀಲಿ ತಗಿ" ಎಂದ. ದನಿ ಮೊದಲಿನಷ್ಟೇ ಮೆತ್ತಗಿತ್ತು.

"ಕೀಲಿ ಮಾವಶಿ ಹಂತೇಕ ಐತ್ರಿ."

"ನಿನ್ನ ದುಪಟ್ಟಾದ ತುದಿಗೆ ಏನು ಕಟ್ಟೀಯವಾ?"

ನಾನು ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಕೂಗಬೇಕೆಂದುಕೊಂಡೆ. ಕೂಗಿದರೂ ಕೇಳುವವರು ಯಾರು? ಆ ಹೊತ್ತಿಗೆ ಕಟ್ಟಡದ ಗಂಡಸರೆಲ್ಲ ಕೆಲಸಕ್ಕೆ ಹೋಗಿರುತ್ತಿದ್ದರು, ಮಳೆಗೆ ಹೆಂಗಸರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಮಗು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿತು. ಆಗಲಿಲ್ಲ. "ಪಪ್ಪಾ, ದುಖತಂಯ್" ಎಂದಿತು, ನೋಯುತ್ತದೆ ಎಂದು. ಆತ ಅದಕ್ಕೆ ಏನೋ ಸಮಾಧಾನ ಹೇಳಿದ, ಹಿಡಿತ ಮಾತ್ರ ಸಡಿಲಿಸಲಿಲ್ಲ. ಮಗು ಅಳತೊಡಗಿತು. ಅದರ ಅಳುವಿಗೆ ಉಳಿದವೆಲ್ಲ ಎದ್ದು ಒಂದಾದ ಮೇಲೊಂದು ಅಳತೊಡಗಿದವು.

ನನಗೆ ತೋಚಿದ್ದು ಒಂದೇ. ಮಗುವಿನ ಹಿಂದೆ ನೆಲದ ಮೇಲೆ ಕೂತು ಅದರ ಸೊಂಟವನ್ನು ಎರಡೂ ಕೈಗಳಿಂದ ತಬ್ಬಿಕೊಂಡೆ. ಎಳೆಯಲಿಲ್ಲ, ಎಳೆದರೆ ಕೈಗೆ ಪೆಟ್ಟಾದೀತು ಎಂಬ ಭಯ. ಆತ ಹೊರಗೆ, ನಾನು ಒಳಗೆ, ನಡುವೆ ಮಗು, ಅದರ ಕೈ ಜಾಳಿಯ ಆಚೆ. ಆತನ ಉಸಿರು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನನಗೆ ಗೊತ್ತಿಲ್ಲ. ಆತ ಒಮ್ಮೆ ಬೇಡಿಕೊಳ್ಳುತ್ತಿದ್ದ, ಇನ್ನೊಮ್ಮೆ ಬೈಯುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಜಿನೆಯ ಮೇಲೆ ಮಾವಶಿಯ ಚಪ್ಪಲಿ ಸದ್ದು ಕೇಳಿತು. ಮಂಡಿನೋವಿನವರ ನಡಿಗೆ, ಒಂದು ಮೆಟ್ಟಿಲಿಗೆ ಎರಡು ಹೆಜ್ಜೆ. ಕಣ್ಣು ತೆರೆದೆ. ಅವರು ತೊಯ್ದು ತೊಪ್ಪೆಯಾಗಿ, ಜ್ವರದ ಹುಡುಗನನ್ನು ಹೆಗಲಿಗೆ ಒತ್ತಿಕೊಂಡು ಆತನ ಹಿಂದೆಯೇ ನಿಂತಿದ್ದರು. ಆತ ಯಾರು, ಏನು ನಡೆಯುತ್ತಿದೆ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿದಿರಬೇಕು. ಆತ ತಿರುಗಿ ಬಾಯಿ ತೆರೆಯುವ ಮೊದಲೇ ಅವರು, "ಸ್ವಲ್ಪ ಇವನನ್ನ ಹಿಡ್ಕೊಳ್ಳಿ. ಜ್ವರ ಉಂಟು, ಕೆಳಗೆ ಇಳಿಸ್ಲಿಕ್ಕೆ ಆಗುದಿಲ್ಲ. ನನ್ನ ಕೈ ಸೋತು ಹೋಯ್ತು" ಎಂದು ಆ ಹುಡುಗನನ್ನು ಆತನ ಎದೆಗೆ ಚಾಚಿಯೇಬಿಟ್ಟರು.

ಕಾಯಿಲೆಯ ಮಗು ಮೈಮೇಲೆ ಬೀಳುತ್ತಿರುವಾಗ ಯಾರೇ ಆದರೂ ಎರಡೂ ಕೈ ಚಾಚುತ್ತಾರೆ. ಆತನೂ ಚಾಚಿದ. ಪುಟ್ಟ ಕೈ ಜಾಳಿಯೊಳಗೆ ಬಂತು. ನಾನು ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿ, ಗ್ಯಾಸಿನ ಕಟ್ಟೆಯ ಕೆಳಗೆ ಅದನ್ನು ತಬ್ಬಿ ಕೂತೆ. ಅದರ ಮಣಿಕಟ್ಟಿನ ಸುತ್ತ ಕೆಂಪಗೆ ಬರೆ ಎದ್ದಿತ್ತು.

ಅಲ್ಲಿಂದ ಮಾವಶಿಯ ಮಾತು ಕೇಳುತ್ತಿತ್ತು.

"ಅವಳು ನಿಮ್ಮ ಮಗಳು ಅಂತ ನನಗೆ ಗೊತ್ತುಂಟು. ನಿಮ್ಮದೇ ಮೂಗು. ಆದ್ರೆ ಬೆಳಿಗ್ಗೆ ನನ್ನ ಕೈಗೆ ಕೊಟ್ಟವರು ಅವಳ ತಾಯಿ. ಅವರ ಕೈಗೇ ಕೊಡ್ಬೇಕು. ನಾಳೆ ನೀವು ತಂದು ಬಿಟ್ರೆ, ಅವರು ಬಂದು ಅತ್ರೂ ನಾನು ನಿಮಗೇ ಕೊಡುದು."

"ಅಪ್ಪಗ ಕೊಡಬ್ಯಾಡಂತ ಹೇಳಾಕ ನೀವ್ಯಾರ್ರೀ?"

"ನಾನು ಯಾರೂ ಅಲ್ಲ. ಮಕ್ಕಳನ್ನ ನೋಡಿಕೊಳ್ಳುವವಳು."

ಆತ ಹುಡುಗನನ್ನು ವಾಪಸು ಕೊಟ್ಟ. ಈ ಬಾಗಿಲು ಮುರಿಯುವುದು ತನಗೆ ದೊಡ್ಡದಲ್ಲ, ನಾಲ್ಕು ಜನರನ್ನು ಕರೆದುಕೊಂಡು ಬರುತ್ತೇನೆ ಎಂದ. ಆಮೇಲೆ ಒಳಗೆ ನನಗೆ ಕೇಳುವಂತೆ, "ದಿವಾ ಅಂದೆಲ್ಲವಾ? ಆತು" ಎಂದು ಇಳಿದುಹೋದ.

ನಾನು ಬಂದು ಬೀಗ ತೆಗೆದೆ. ಮಾವಶಿ ಒಳಗೆ ಬಂದು ಮತ್ತೆ ಹಾಕಿಸಿ, ಹುಡುಗನನ್ನು ಮಲಗಿಸಿ, ಕುಡಿಯಲು ನೀರು ಬಗ್ಗಿಸಿಕೊಳ್ಳಲು ಹೋದರು. ತಂಬಿಗೆಯ ನೀರೆಲ್ಲ ನೆಲಕ್ಕೆ ಚೆಲ್ಲಿತು. ಅವರು ಗೋಡೆ ಹಿಡಿದು ಅಲ್ಲೇ ಕುಕ್ಕರಿಸಿದರು. ನಾನು ಅಳುವ ಮಕ್ಕಳನ್ನು ಒಂದೊಂದಾಗಿ ಎತ್ತಿ ಸಮಾಧಾನ ಮಾಡಿದೆ.

ಸಂಜೆ ಆ ಮಗುವಿನ ತಾಯಿ ಎಂದಿನಂತೆ ಜಿನೆ ಹತ್ತಿ ಬಂದಳು. ಎರಡೂ ಕಾಲು ಸರಿಯಾಗಿದ್ದವು. ನಾನು ಅವಳ ಕಾಲನ್ನೇ ನೋಡಿ ಜೋರಾಗಿ ಅತ್ತುಬಿಟ್ಟೆ. ಅವಳು ಮತ್ತು ಮಾವಶಿ ಮರುದಿನ ಪೊಲೀಸ್ ಚೌಕಿಗೆ ಹೋಗಿ ಬಂದರು. ತಂದೆಯೇ ತಾನೇ, ಮನೆಯ ಜಗಳ ಮನೆಯಲ್ಲೇ ಮುಗಿಸಿಕೊಳ್ಳಿ ಎಂದು ಹೇಳಿ ಕಳಿಸಿದರಂತೆ.

ಅಂದಿನಿಂದ ಆತ ಕಾಣಿಸಿಕೊಳ್ಳತೊಡಗಿದ. ಎದುರಿನ ಪಂಕ್ಚರ್ ಅಂಗಡಿಯ ತಗಡಿನ ಕೆಳಗೆ ನಿಂತು ನಮ್ಮ ಕಿಟಕಿ ನೋಡುತ್ತಿದ್ದ. ಬರುತ್ತಿದ್ದುದು ಆಗೊಮ್ಮೆ ಈಗೊಮ್ಮೆ. ಬಾರದ ದಿನಗಳಲ್ಲೂ ನಾನು ಪರದೆ ಸರಿಸಿ ಸರಿಸಿ ನೋಡುತ್ತಿದ್ದೆ. ಒಂದು ಸಂಜೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ಯಾರೋ ನನ್ನ ಕಿವಿಯ ಹತ್ತಿರ, "ಹುಷಾರಾಗಿ ಹೋಗವಾ" ಎಂದರು. ತಿರುಗಿ ನೋಡಿದರೆ ಆತನೇ. ನಗುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ನಾನು ಲೇಡೀಸ್ ಡಬ್ಬಿಯಲ್ಲಿ ಹೆಂಗಸರ ನಡುವೆ ತೂರಿಕೊಂಡು ನಿಂತೆ. ದಿವಾದಲ್ಲಿ ಇಳಿದು ಹಳಿ ದಾಟುವಾಗ ಹಿಂದೆ ಬರುವ ಪ್ರತಿಯೊಂದು ಹೆಜ್ಜೆಯೂ ಆತನದೇ ಅನಿಸಿತು. ಮನೆ ಮುಟ್ಟಿದ ಮೇಲೆ ಬಾಗಿಲ ಚಿಲಕವನ್ನು ಎರಡೆರಡು ಸಲ ಎಳೆದು ನೋಡಿದೆ.

ಬೆಳಿಗ್ಗೆ ಮಾವಶಿಗೆ ಹೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, "ಇವತ್ತಿನಿಂದ ನಾನು ಬರ್ತೇನೆ" ಎಂದರು.

ಬೇಡವೆಂದರೂ ಕೇಳಲಿಲ್ಲ. ಕೊನೆಯ ಮಗು ಹೋದ ಮೇಲೆ ಸೀರೆ ಬದಲಿಸಿ ನನ್ನೊಡನೆ ಹೊರಟರು. ನೂಕುನುಗ್ಗಲಲ್ಲಿ ಹತ್ತಿದರು. ದಿವಾದಲ್ಲಿ ಪ್ಲಾಟ್‌ಫಾರ್ಮು ತಗ್ಗು, ಡಬ್ಬಿಯ ಮೆಟ್ಟಿಲು ಎತ್ತರ. ಇಳಿಯುವಾಗ ಅವರ ಬಾಯಿಯಿಂದ ತುಳುವಿನಲ್ಲಿ ದೇವರ ಹೆಸರು ಬಂತು. ಕೆಸರಲ್ಲಿ ನನ್ನ ಭುಜ ಹಿಡಿದು ನಮ್ಮ ಖೋಲಿಯವರೆಗೆ ಬಂದು ಅವ್ವನಿಗೆ, "ತಗೊಳ್ಳಿ, ನಿಮ್ಮ ಮಗಳು" ಎಂದರು. ಅಪ್ಪ ಸಿಮೆಂಟಿನ ಧೂಳಿನ ಬಟ್ಟೆಯಲ್ಲೇ ಎದ್ದು ನಿಂತ. ಕೂರಿಸಲು ಕುರ್ಚಿ ಇರಲಿಲ್ಲ. ಅವರು ನೆಲದ ಮೇಲೆ ಹಾಸಿದ ಕೌದಿಯ ಮೇಲೆ ಕೂತು ಹಾಲಿಲ್ಲದ ಚಹಾ ಕುಡಿದು, ನಡೆದುದನ್ನೆಲ್ಲ ಏನೂ ಮುಚ್ಚದೆ ಹೇಳಿದರು.

"ಬಿಡಿಸಿಬಿಡ್ತೀವ್ರಿ ಹಂಗಾದ್ರ" ಎಂದ ಅಪ್ಪ. "ಹೆಣ್ಣು ಹುಡಿಗಿ. ಏನಾರ ಹೆಚ್ಚುಕಮ್ಮಿ ಆದ್ರ?"

"ಬಿಡಿಸುದಾದ್ರೆ ಬಿಡಿಸಿ. ನಾನು ಬೇಡ ಹೇಳುದಿಲ್ಲ. ನನಗೂ ಹೆದರಿಕೆಯೇ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೋಗುತ್ತೇನೆ ಎಂದೆ. ಅದು ಧೈರ್ಯ ಆಗಿರಲಿಲ್ಲ. ಮನೆಯಲ್ಲಿ ಕೂತರೆ ಆ ಜಾಳಿ, ಆ ಪುಟ್ಟ ಕೈ ಕಣ್ಣ ಮುಂದೆ ಬಂದು ಇನ್ನೂ ಹೆದರಿಕೆಯಾಗುತ್ತಿತ್ತು. ಅಲ್ಲಿದ್ದರೆ ಬೀಗ ಸರಿಯಾಗಿ ಬಿದ್ದಿದೆಯೇ ಎಂದಾದರೂ ನೋಡಬಹುದಿತ್ತು. ಆ ಮಳೆಗಾಲವೆಲ್ಲ ಮಾವಶಿ ಪ್ರತಿ ಸಂಜೆ ದಿವಾಗೆ ಬಂದು ನನ್ನನ್ನು ಅವ್ವನ ಕೈಗೆ ಒಪ್ಪಿಸಿ ಹೋದರು.

ಸುದ್ದಿ ಹಬ್ಬಿತು. ಕೆಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ಬೂಟು ಬಿಚ್ಚಿ ಬರುತ್ತಿದ್ದ ಬ್ಯಾಂಕಿನ ಸಾಹೇಬ ಒಂದು ಬೆಳಿಗ್ಗೆ ಬಂದು, ಆ ಮಗುವನ್ನು ಬೇರೆ ಕಡೆ ಕಳಿಸಿಬಿಡಿ, ಒಂದರ ಸಲುವಾಗಿ ಎಲ್ಲ ಮಕ್ಕಳಿಗೂ ಅಪಾಯ ಯಾಕೆ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನೂ ಒಳಗೊಳಗೆ ಹಾಗೇ ಆಗಲಿ ಎಂದುಕೊಂಡಿದ್ದೆ. ಮಾವಶಿ ಕೈ ಮುಗಿದರು.

"ನಿಮ್ಮ ಹೆದರಿಕೆ ಸರಿ. ಕರ್ಕೊಂಡು ಹೋಗಿ, ನನಗೆ ಬೇಜಾರಿಲ್ಲ. ಆದ್ರೆ ಯಾವ ಮಗುವಿಗೂ ನೀನು ಹೋಗು ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. ಅವನು ಮಗನನ್ನು ಕರೆದುಕೊಂಡು ಹೋದ.

ಆಮೇಲೆ ಒಂದು ದಿನ ಬೆಳಗಿನಿಂದ ಸುರಿದ ಮಳೆ ನಿಲ್ಲಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಲೋಕಲ್ ನಿಂತವು ಎಂಬ ಸುದ್ದಿ ಬಂತು. ಕರೆಂಟು ಹೋಯಿತು. ಹತ್ತಿರದಲ್ಲಿ ಕೆಲಸ ಮಾಡುತ್ತಿದ್ದವರು ಹೇಗೋ ಬಂದು ಮಕ್ಕಳನ್ನು ಒಯ್ದರು. ಇನ್ನೂ ಬೆಳಕಿರುವಾಗಲೇ ಉಳಿದದ್ದು ಆ ಮಗು ಒಂದೇ. ಅದಕ್ಕೆ ಗಂಜಿ ತಿನ್ನಿಸುತ್ತಿದ್ದೆ. ಜಿನೆಯ ಮೇಲೆ ಭಾರದ ಹೆಜ್ಜೆ ಕೇಳಿತು.

ಆತನೇ. ಸೊಂಟದವರೆಗೆ ಕೆಸರು. ಕಳಂಬೋಲಿಯಿಂದ ಟ್ರಕ್ ಹತ್ತಿ, ರಸ್ತೆ ಮುಚ್ಚಿದ ಮೇಲೆ ನಡೆದು ಬಂದನಂತೆ. ಮಗುವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲ ಸಂದಿನಿಂದ ನೋಡುತ್ತಾ ನಿಂತೆ.

"ಆಕಿ ಬಂದಾಳೇನ್ರಿ?"

"ಇಲ್ಲ, ಇನ್ನೂ ಬರ್ಲಿಲ್ಲ" ಎಂದರು ಮಾವಶಿ.

"ಹುಡಿಗಿ?"

"ಒಳಗೆ ಉಂಟು. ಚೆನ್ನಾಗಿದೆ."

"ಹಂಗಾರ ಇವತ್ತರ ಕೊಡ್ರಿ. ಆಕಿ ಬರೂದಿಲ್ಲ ಇನ್ನ. ಗಾಡಿ ಇಲ್ಲ, ಏನಿಲ್ಲ."

"ಬರ್ಲಿ, ಬಾರದೆ ಇರ್ಲಿ. ಮಗು ಇಲ್ಲೇ ಇರ್ತದೆ."

ಆತ ಜಾಳಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅಲುಗಿಸಿದ. ಇಡೀ ಬಾಗಿಲು ಕಟಕಟ ಎಂದಿತು. ಮುರಿಯುತ್ತಾನೆ ಎಂದು ನಾನು ಮಗುವಿನ ಮುಖವನ್ನು ನನ್ನ ಕುತ್ತಿಗೆಗೆ ಒತ್ತಿಕೊಂಡೆ. ಮುರಿಯಲಿಲ್ಲ. ಜಿನೆಯ ಮೆಟ್ಟಿಲ ಮೇಲೆ ಕೂತು, "ನಾ ಇಲ್ಲೇ ಕೂಡ್ತೀನಿ. ನೋಡ್ತೀನಿ" ಎಂದ.

ಮಾವಶಿ ಬಂದು ನನ್ನಿಂದ ಬೀಗದ ಕೈ ಇಸಿದುಕೊಂಡು, ಒಂದು ಬಟ್ಟಲು ಗಂಜಿ ಹಿಡಿದು ಹೊರಗೆ ಹೋದರು. ಹೊರಗಿನಿಂದ ಬೀಗದ ಕೈಯನ್ನು ಜಾಳಿಯೊಳಕ್ಕೆ ಕೊಟ್ಟು, "ನೀನು ಒಳಗಿನಿಂದ ಹಾಕು. ನಾನು ಹೇಳಿದ್ರೂ ತೆಗೀಬೇಡ. ಅವಳ ತಾಯಿ ಬಂದ್ರೆ ಮಾತ್ರ" ಎಂದರು. ಮಗುವನ್ನು ಒಳಗೆ ಬಿಟ್ಟು ಬಂದು ಬೀಗ ಹಾಕಿದೆ. ಅವರು ಆತನ ಪಕ್ಕದ ಮೆಟ್ಟಿಲ ಮೇಲೆ ಕೂತರು. ಗಂಜಿಯ ಬಟ್ಟಲು ಇಬ್ಬರ ನಡುವೆ. ಆತ ಮುಟ್ಟಲಿಲ್ಲ. ಜಾಳಿ ಅಲುಗಿದ ಸದ್ದಿಗೆ ಮೇಲಿನ, ಕೆಳಗಿನ ಮನೆಗಳ ಬಾಗಿಲು ಒಂದೊಂದಾಗಿ ತೆರೆದವು. ಹೆಂಗಸರು ಬಂದು ಜಿನೆಯ ತಿರುವಿನಲ್ಲಿ ನಿಂತರು. ಒಬ್ಬಳ ಕೈಗೆ ಹಿಟ್ಟು ಮೆತ್ತಿತ್ತು.

ಬೆಳಕು ಕರಗುವ ಹೊತ್ತಿಗೆ ಅವಳು ಬಂದಳು. ಗಾಡಿ ಮುಂಬ್ರಾದಾಚೆ ನಿಂತಿತ್ತು; ಅಲ್ಲಿಂದ ಹಳಿಯ ಮೇಲೆ ನಡೆದು ಬಂದಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕೆಳಗಿನ ತಿರುವಿನಲ್ಲಿ ಆತನನ್ನು ಕಂಡು ಗಕ್ಕನೆ ನಿಂತಳು. ಆತ ಎದ್ದ. ಮೇಲೆ ನಾನು, ಕೆಳಗೆ ಅವಳು, ನಡುವೆ ಆತ. ಈಗೇನೋ ಆಗುತ್ತದೆ ಎನಿಸಿತು. ಜಾಳಿ ಹಿಡಿದು ನಿಂತೆ.

ಮಾವಶಿ ಕೂತಲ್ಲಿಂದಲೇ, "ಸ್ವಲ್ಪ ಬದಿಗೆ ಸರೀರಿ. ಅವರಿಗೆ ಹತ್ಲಿಕ್ಕೆ ಜಾಗ ಬೇಕು" ಎಂದರು, ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಹಾಗೆ.

ಆತ ಸರಿಯಲಿಲ್ಲ. ಜಿನೆಯ ಮೇಲೂ ಕೆಳಗೂ ನಿಂತವರನ್ನು ನೋಡಿದ. ಆಮೇಲೆ ಅವಳ ಕಾಲನ್ನು ನೋಡಿದ. ಅದರಿಂದ ರಕ್ತ ಬರುತ್ತಿತ್ತು. ಗೋಡೆಗೆ ಒತ್ತಿಕೊಂಡು ನಿಂತ. ಅವಳು ಆತನಿಗೆ ತಾಗಿಯೇ ಹತ್ತಿ ಬಂದಳು. ಬೀಗ ತೆಗೆಯಲು ಹೋದಾಗ ಕೀಲಿಕೈ ನನ್ನ ಕೈಯಿಂದ ಜಾರಿ ಬಿತ್ತು. ಕತ್ತಲಲ್ಲಿ ನೆಲ ತಡಕಿ ಹುಡುಕಿದೆ. ಅವಳು ಒಳಗೆ ಬಂದ ಮೇಲೆ ಮತ್ತೆ ಬೀಗ ಹಾಕಿ, ಮಗುವನ್ನು ಅವಳ ಕೈಗೆ ಕೊಟ್ಟೆ.

ಹೊರಗಿನಿಂದ ಆತ, "ಒಮ್ಮೆ ನಾ ಎತ್ಕೊಳ್ಲೇನು?" ಎಂದ. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು. ತಲೆ ಅಲ್ಲಾಡಿಸಿದಳು. ಆತ ಇಳಿದುಹೋದ. ಲೋಕಲ್ ಇಲ್ಲದ ಕಾರಣ ನಾವೆಲ್ಲ ಅಲ್ಲೇ ಉಳಿದೆವು. ಆತ ತಿರುಗಿ ಬರುತ್ತಾನೆ ಎಂದು ನಾನು ಬಾಗಿಲಿಗೆ ಬೆನ್ನು ಕೊಟ್ಟೇ ಮಲಗಿದೆ.

ಆತ ಬರಲಿಲ್ಲ. ಪಂಕ್ಚರ್ ಅಂಗಡಿಯ ಎದುರೂ ಕಾಣಲಿಲ್ಲ. ದೀಪಾವಳಿಯ ನಂತರ ತಿಳಿಯಿತು, ಕಲ್ಯಾಣದ ಕೋರ್ಟಿನಲ್ಲಿ ಆ ಗಂಡ ಹೆಂಡಿರ ಕೇಸು ನಡೆಯುತ್ತಿದೆ ಎಂದು. ಮಗು ತಾಯಿಯ ಹತ್ತಿರವೇ ಇರುವುದು, ಭಾನುವಾರ ಬೆಳಿಗ್ಗೆ ತಂದೆ ಬಂದು ನೋಡುವುದು ಎಂದಾಯಿತು. ಎಲ್ಲಿ ನೋಡುವುದು ಎಂಬ ಮಾತು ಬಂದಾಗ ಆತನೇ, ಆ ಮಾವಶಿಯ ಮನೆಯಲ್ಲಾದರೆ ನನ್ನ ಅಭ್ಯಂತರವಿಲ್ಲ ಎಂದನಂತೆ. ಅವಳೂ ಅದನ್ನೇ ಕೇಳಿದ್ದಳಂತೆ.

ಹಾಗಾಗಿ ಭಾನುವಾರಗಳಂದು ಆತನಿಗೆ ಜಾಳಿ ಬಾಗಿಲು ತೆರೆಯುವ ಕೆಲಸ ನನ್ನದಾಯಿತು. ಶನಿವಾರ ಸಂಜೆಯೇ ನಾನು ಬೀಗ ಹಾಕಿ ತೆಗೆದು ನೋಡಿಟ್ಟುಕೊಳ್ಳುತ್ತಿದ್ದೆ. ತಾಯಿ ಮಗುವನ್ನು ಮೊದಲೇ ಬಿಟ್ಟು ಹೋಗಿರುತ್ತಿದ್ದಳು. ಆತ ಬೆಲ್ ಒತ್ತಿ, ತಲೆ ತಗ್ಗಿಸಿ ನಿಂತಿರುತ್ತಿದ್ದ. ನನ್ನೊಡನೆ ಮಾತಾಡುತ್ತಿರಲಿಲ್ಲ. ಮಕ್ಕಳು ಕೂರುವ ಗಿಡ್ಡ ಸ್ಟೂಲಿನ ಮೇಲೆ ಮಂಡಿ ಮಡಚಿ ಕೂತು ಮಗುವಿನೊಡನೆ ಆಡುತ್ತಿದ್ದ. ಮಾವಶಿ ಅಲ್ಲೇ ತರಕಾರಿ ಹೆಚ್ಚುತ್ತಾ ಕೂತಿರುತ್ತಿದ್ದರು. ಒಮ್ಮೆ ಒಂದು ಫ್ರಾಕು ತಂದ. ಅದು ಮಗುವಿಗೆ ಚಿಕ್ಕದು. ಆತನ ಲೆಕ್ಕದಲ್ಲಿ ಮಗು ಇನ್ನೂ ಹಿಂದಿನ ವರ್ಷದಷ್ಟೇ ಇತ್ತು. ತೋಳು ಏರದೆ ಹೋದಾಗ ಆತನ ಮುಖ ನೋಡಲಾಗಲಿಲ್ಲ. ಮಾವಶಿ ಅದನ್ನು ಈಸಿಕೊಂಡು ತಿರುಗಿಸಿ ನೋಡಿ, "ಒಳಗೆ ಬಟ್ಟೆ ಬಿಟ್ಟಿದ್ದಾರೆ. ಬಿಚ್ಚಿ ಹೊಲಿದ್ರೆ ಆಗ್ತದೆ" ಎಂದರು. ಆ ವಾರವೇ ಹೊಲಿದೂ ಕೊಟ್ಟರು.

ಮರುವರ್ಷ ಬೇಸಿಗೆಯಲ್ಲಿ ಆ ತಾಯಿಗೆ ವಾಶಿಯಲ್ಲಿ ಕೆಲಸ ಸಿಕ್ಕಿ ಮಗುವನ್ನು ಕರೆದುಕೊಂಡು ಹೋದಳು. ಅದಕ್ಕೆ ಮುಂಚಿನ ಭಾನುವಾರ ಮಗು ಆಟದ ನಡುವೆಯೇ ಆತನ ಹೆಗಲ ಮೇಲೆ ನಿದ್ದೆ ಹೋಯಿತು. ಆತ ಅದನ್ನು ಎತ್ತಿಕೊಂಡು ಬಹಳ ಹೊತ್ತು ಕೋಣೆಯಲ್ಲಿ ಅತ್ತಿಂದಿತ್ತ ನಡೆದ. ಹೋಗುವ ಹೊತ್ತಾಗಿತ್ತು. ಮಾವಶಿ ಅಡುಗೆಮನೆಯಲ್ಲಿದ್ದರು, ಜಾಳಿ ಬಾಗಿಲು ತೆರೆದಿತ್ತು, ನಾನು ಅದರ ಪಕ್ಕದಲ್ಲಿದ್ದೆ. ಆತ ನಡೆಯುತ್ತಾ ಬಾಗಿಲ ಹತ್ತಿರ ಬಂದಾಗ ನಾನು ಜಾಳಿಯ ಅಂಚು ಹಿಡಿದೆ. ಹೊರಗೆ ಕಾಲಿಟ್ಟರೆ ತಡೆಯಲು ನನ್ನಿಂದ ಆಗುತ್ತಿರಲಿಲ್ಲ.

ಆತ ನಿಂತ. ಮಗು ಎಚ್ಚರಗೊಳ್ಳದಂತೆ ಅದರ ತಲೆಯ ಕೆಳಗೆ ಅಂಗೈ ಕೊಟ್ಟು, ಮೆಲ್ಲಗೆ ನನ್ನ ತೋಳಿಗೆ ದಾಟಿಸಿದ. "ಕುತ್ತಿಗಿ ಹುಷಾರ್" ಎಂದ. ನಾನು ಹಿಡಿದುಕೊಂಡೆ. ನಿದ್ದೆಯ ಮಗು ಎಚ್ಚರದ ಮಗುವಿಗಿಂತ ಭಾರ. ಆತನ ಹೆಜ್ಜೆ ಕೆಳಗಿನವರೆಗೆ ಇಳಿದು ರಸ್ತೆಯ ಸದ್ದಿನಲ್ಲಿ ಕರಗುವವರೆಗೂ ನಾನು ಅಲ್ಲಾಡಲಿಲ್ಲ. ಆಮೇಲೆ ಒಂದೇ ಕೈಯಲ್ಲಿ ಬೀಗ ಹಾಕಿ, ಮಗುವನ್ನು ಚಾಪೆಯ ಮೇಲೆ ಮಲಗಿಸಿದೆ.